ಧೂಳು ‘ರೋಡು’ ಆದ ಮಧ್ಯಾಹ್ನ

ಸೌಂಡ್ಸ್ ಅಂಗಡಿಯವನು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ನನ್ನ ಮೇಜಿನ ಮೇಲೆ ಬೋರಲು ಹಾಕಿದ. ಸುಟ್ಟ ಡಯಾಫ್ರಾಮುಗಳು ಟಣಟಣ ಎಂದು ಉದುರಿದವು. ಹಾರ್ನ್ ಸ್ಪೀಕರಿನ ಹೊಟ್ಟೆಯೊಳಗಿರುವ ತೆಳು ಪೊರೆಯೇ ಡಯಾಫ್ರಾಮ್. ಅದರ ಅಂಚಿಗೆ ಕೂದಲಿನಷ್ಟು ಸಣ್ಣ ತಂತಿಯ ಸುರುಳಿ ಇರುತ್ತದೆ. ಅದನ್ನು ಕಾಯಿಲ್ ಅನ್ನುತ್ತೇವೆ. ಆ ಕಾಯಿಲ್‌ಗಳನ್ನು ಸುತ್ತಿದ್ದವಳು ನಾನೇ. ಹಿಂದಿನ ಸಲ ಇವನು ತಂದಾಗಲೂ ನಾನೇ ಸುತ್ತಿಕೊಟ್ಟಿದ್ದೆ.

“ಏನೂ ಮಾಡಿಲ್ಲ ಕಣಕ್ಕ. ಸುಮ್ನೆ ಹೋಗ್ಬಿಟ್ವು” ಎಂದ.

ಸುಮ್ಮನೆ ಹೋಗುವ ಕಾಯಿಲ್ ಇದುವರೆಗೆ ನನ್ನ ದೊಡ್ಡಬಳ್ಳಾಪುರದ ಅಂಗಡಿಗೆ ಬಂದಿಲ್ಲ. ಬರುವ ಗಿರಾಕಿಗಳೆಲ್ಲ ಮಾತ್ರ ಇದೇ ಮಾತು ಹೇಳುತ್ತಾರೆ. ಪೆಟ್ಟು ಬಿದ್ದು ಸತ್ತ ಕಾಯಿಲ್‌ನ ತಂತಿ ಹೊಳೆಯುತ್ತಲೇ ಇರುತ್ತದೆ, ಎಲ್ಲೋ ಒಂದು ಕಡೆ ತುಂಡಾಗಿರುತ್ತದೆ, ಅಷ್ಟೆ. ಕಾವಿಗೆ ಸತ್ತದ್ದು ಬೇರೆಯ ಥರ. ತಂತಿಯ ಮೇಲಿನ ವಾರ್ನಿಷ್ ಗುಳ್ಳೆಯೆದ್ದು, ಸುರುಳಿ ಸಡಿಲವಾಗಿ, ಒಲೆಯಲ್ಲಿ ಮರೆತುಬಿಟ್ಟ ಸಂಡಿಗೆಯ ಹಾಗೆ ಕಪ್ಪಾಗಿ ಸುಕ್ಕುಗಟ್ಟಿರುತ್ತದೆ. ಮೇಜಿನ ಮೇಲಿದ್ದವೆಲ್ಲ ಎರಡನೆಯ ಜಾತಿಯವು.

“ಎಷ್ಟೊತ್ತು ಕೆಂಪು ಲೈಟ್ ಉರೀತಿತ್ತು?” ಎಂದು ಕೇಳಿದೆ.

“ಅದು ಉರೀತಾನೇ ಇರುತ್ತೆ ಬಿಡಕ್ಕ. ಫಂಕ್ಷನ್ ಅಂದ್ಮೇಲೆ ಉರೀಬೇಕಲ್ವಾ? ಉರೀಲಿಲ್ಲ ಅಂದ್ರೆ ಜನಕ್ಕೆ ಕಿಕ್ ಬರಲ್ಲ.”

ಆಂಪ್ಲಿಫೈಯರಿನ ಮುಂಭಾಗದಲ್ಲಿ ಒಂದು ಕೆಂಪು ದೀಪ ಇರುತ್ತದೆ. ‘ಇನ್ನು ನನ್ನ ಕೈಲಾಗದು’ ಎಂದು ಯಂತ್ರ ಹೇಳುವ ಮಾತು ಅದು. ಇವನು ಅದನ್ನು ಸೀರಿಯಲ್ ಸೆಟ್‌ನ ದೀಪ ಅಂದುಕೊಂಡಿದ್ದ. ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಹತ್ತು ಜನರಲ್ಲಿ ಒಂಬತ್ತು ಜನ ಹಾಗೆಯೇ ಅಂದುಕೊಂಡಿದ್ದಾರೆ. ಹತ್ತನೆಯವನಿಗೆ ಆ ದೀಪ ಇರುವುದೇ ಗೊತ್ತಿಲ್ಲ.

ಆರು ಹಾರ್ನುಗಳಿಗೂ ಹೊಸ ಡಯಾಫ್ರಾಮ್ ಬೇಕಿತ್ತು. ಮರುದಿನವೇ ಬೇಕು ಎಂದ. ನಮ್ಮ ತಾಲ್ಲೂಕಿನದೇ ಮಧುರೆ ಕಡೆಯ ಒಂದು ಊರಿನಲ್ಲಿ ಕಲ್ಲು ಕ್ರಷರ್ ಕಂಪನಿ ತನ್ನ ಕ್ವಾರಿಯನ್ನು ದೊಡ್ಡದು ಮಾಡಲು ಹೊರಟಿತ್ತು. ಅದಕ್ಕೆ ಊರಿನವರ ಅಭಿಪ್ರಾಯ ಕೇಳಲು ಸರ್ಕಾರದಿಂದ ಅಧಿಕಾರಿ ಬರುವ ಅಹವಾಲು ಸಭೆ. ಶಾಮಿಯಾನ, ಊಟ, ಮೈಕು ಎಲ್ಲವೂ ಕಂಪನಿಯ ವ್ಯವಸ್ಥೆ. “ಗ್ರ್ಯಾಂಡಾಗಿರ್ಬೇಕು ಅಂದಿದಾರೆ. ನೀನೂ ಬಂದ್ಬಿಡಕ್ಕ, ಏನಾದ್ರೂ ಆದ್ರೆ ಅಲ್ಲೇ ನೋಡ್ಬೋದು” ಎಂದ. ನಾನು ಯಾವತ್ತೂ ಫಂಕ್ಷನ್ನುಗಳಿಗೆ ಹೋಗುವವಳಲ್ಲ. ಆದರೆ ನಾನು ಸುತ್ತಿದ ಕಾಯಿಲ್‌ಗಳನ್ನು ಯಾವ ಪುಣ್ಯಾತ್ಮರು, ಹೇಗೆ ಸುಡುತ್ತಾರೆ ಎಂದು ಒಮ್ಮೆ ಕಣ್ಣಾರೆ ನೋಡಬೇಕೆನಿಸಿತು. ಆರು ಹಾರ್ನುಗಳನ್ನು ಸರಿಮಾಡಿ, ಮಿಕ್ಕಿದ್ದ ಎರಡು ಡಯಾಫ್ರಾಮುಗಳನ್ನು ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬೆಳಿಗ್ಗೆ ಅವನ ಲಗೇಜ್ ಆಟೋ ಹತ್ತಿದೆ.

ಸಭೆ ಇದ್ದದ್ದು ಊರಿನ ಶಾಲೆಯ ಮೈದಾನದಲ್ಲಿ. ಮೈದಾನದ ಆಚೆ ರಾಗಿ ಹೊಲ, ಹೊಲದಾಚೆ ಅರ್ಧ ತಿಂದುಬಿಟ್ಟ ಗುಡ್ಡ. ದಾರಿಯ ಹೊಂಗೆ ಮರಗಳಿಗೆ ಸುಣ್ಣ ಬಳಿದ ಹಾಗಿತ್ತು. ಎಲೆ ಮುಟ್ಟಿದರೆ ಬೆರಳಿಗೆ ಬಿಳಿ ಹಿಟ್ಟು ಹತ್ತುತ್ತಿತ್ತು. ಶಾಮಿಯಾನದಲ್ಲಿ ಊರಿನ ಜನ ಕೂರುವಷ್ಟು ಕುರ್ಚಿ. ಆ ಜಾಗಕ್ಕೆ ಎರಡು ಸಣ್ಣ ಬಾಕ್ಸ್ ಸಾಕಾಗಿತ್ತು. ಇವನು ವೇದಿಕೆಯ ಎರಡೂ ಕಡೆ ಒಂದೊಂದು ಹಾರ್ನ್ ಇರುವ ಮೂರು ಮೂರು ದೊಡ್ಡ ಬಾಕ್ಸ್ ಪೇರಿಸಿ, ಕೆಳಗೆ ಬೀರುವಿನಷ್ಟು ದೊಡ್ಡ ಬೇಸ್ ಬಾಕ್ಸ್‌ಗಳನ್ನು ಇಟ್ಟಿದ್ದ. ಕ್ರಷರ್ ಬೇಡ ಅನ್ನುವವರನ್ನು ಕೂರಿಸಿ ಕಿವಿಗೆ ಸಿಡಿಮದ್ದು ಇಡುವ ಏರ್ಪಾಡಿನಂತಿತ್ತು.

ನಾನು ಮೊದಲು ಜನರೇಟರ್ ನೋಡಿದೆ. ಶಾಮಿಯಾನದ ಫ್ಯಾನುಗಳು, ಅಡುಗೆಯವರ ಗ್ರೈಂಡರ್, ಸೌಂಡ್ ಸಿಸ್ಟಮ್ ಎಲ್ಲವೂ ಅದೊಂದರ ಮೇಲೆಯೇ. ಗ್ರೈಂಡರ್ ತಿರುಗಿದಾಗಲೆಲ್ಲ ಮೀಟರಿನ ಮುಳ್ಳು ಕೆಳಗೆ ಜಾರುತ್ತಿತ್ತು. ಕರೆಂಟು ಇಳಿದರೆ ಆಂಪ್ಲಿಫೈಯರಿನ ಉಸಿರು ಬೇಗ ಕಟ್ಟುತ್ತದೆ. ಆಮೇಲೆ ವೈರಿಂಗ್ ನೋಡಿದೆ. ಮೂರು ಬಾಕ್ಸ್‌ಗಳನ್ನೂ ಒಂದೇ ಚಾನಲ್ಲಿಗೆ ಜಡಿದಿದ್ದ. ಒಂದು ಎತ್ತಿಗೆ ಮೂರು ನೇಗಿಲು ಕಟ್ಟಿದಂತೆ. ಒಂದು ಬಾಕ್ಸ್‌ನ ಹಿಂಬದಿ ಬಿಚ್ಚಿದೆ. ಒಳಗೆ ಹಾರ್ನಿಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಬಲ್ಬ್ ಇರಬೇಕು. ಮಿತಿ ಮೀರಿ ಕರೆಂಟು ಬಂದರೆ ಬಲ್ಬ್ ಹತ್ತಿಕೊಂಡು ಹೆಚ್ಚಿನದನ್ನು ತಾನೇ ನುಂಗುತ್ತದೆ, ಕಾಯಿಲ್ ಉಳಿಯುತ್ತದೆ. ಅಲ್ಲಿ ಬಲ್ಬ್ ಇರಲಿಲ್ಲ. ಬಲ್ಬ್ ಇದ್ದ ಜಾಗಕ್ಕೆ ದಪ್ಪ ತಂತಿ ಬೆಸೆದಿತ್ತು.

“ಇದ್ಯಾರ ಕೆಲಸ?”

“ನಾನೇ ಕಣಕ್ಕ. ಬಲ್ಬ್ ಹತ್ತಿದ್ರೆ ಸೌಂಡ್ ಡ್ರಾಪ್ ಆಗ್ತಿತ್ತು.”

“ಡ್ರಾಪ್ ಆಗ್ಲಿ ಅಂತಾನೇ ಅದನ್ನ ಇಟ್ಟಿರೋದು.”

“ಫಂಕ್ಷನ್ ಮಧ್ಯ ಡ್ರಾಪ್ ಆದ್ರೆ ನನ್ ಮರ್ಯಾದೆ ಹೋಗುತ್ತೆ.”

ಅವನ ಮರ್ಯಾದೆ ಎಂಥ ತೆಳು ತಂತಿಯ ಮೇಲೆ ನಿಂತಿದೆ ಎಂದು ಅವತ್ತು ಗೊತ್ತಾಯಿತು. ವಾದ ಮಾಡಲಿಲ್ಲ. ಎರಡೂ ಕಡೆ ಮೂರರಲ್ಲಿ ಒಂದೊಂದು ಬಾಕ್ಸ್‌ನ ವೈರ್ ಕಳಚಿಸಿದೆ. ಸೌಂಡ್ ಮಿಕ್ಸರಿನಲ್ಲಿ ಬೇಸ್ ಮತ್ತು ಟ್ರೆಬಲ್ ಗುಂಡಿಗಳೆರಡೂ ತುದಿ ಮುಟ್ಟಿದ್ದವು, ಅವನ್ನು ನಡುವಿಗೆ ತಂದೆ. ಮೈಕಿನಲ್ಲಿ ಮಾತಾಡಿಸಿ, ಮಿಕ್ಸರಿನ ಹಸಿರು ದೀಪ ದಾಟದ ಹಾಗೆ ಮಟ್ಟ ಕಟ್ಟಿ, ಸದ್ದು ಏರಿಸಿ ಇಳಿಸುವ ಮುಖ್ಯ ಹಿಡಿಯ ಪಕ್ಕ ಬಿಳಿ ಟೇಪ್ ಅಂಟಿಸಿದೆ. “ಇದ್ರ ಮೇಲೆ ಹೋಗ್ಬೇಡ” ಎಂದೆ. ಮಗ್ಗಿ ಒಪ್ಪಿಸಿದ ಮಗುವಿನ ಹಾಗೆ ತಲೆಯಾಡಿಸಿದ.

ಆಗ ಬಂದ ಕಂಪನಿಯ ಮ್ಯಾನೇಜರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಆ ಧೂಳಿನ ಊರಿನಲ್ಲಿ ಅಷ್ಟು ಬಿಳಿಯ ಅಂಗಿ ತೊಡಬೇಕಾದರೆ ಕಾರಿನಿಂದ ಇಳಿಯದೇ ಇರುವ ಅಭ್ಯಾಸ ಬೇಕು. ನನ್ನನ್ನು ನೋಡಿ, “ಯಜಮಾನ್ರು ಬರ್ಲಿಲ್ವಾ ಮೇಡಂ?” ಎಂದು ಕೇಳಿದ.

“ಯಾವ ಯಜಮಾನ್ರು?”

“ಅದೇ, ಮೆಕ್ಯಾನಿಕ್ಕು.”

“ಬಂದಿದಾರೆ. ನಿಮ್ಮ ಮುಂದೇನೇ ನಿಂತಿದಾರೆ.”

ಅವನು ನಕ್ಕ. ಸರಿಹೋಗದ ಮಾತಿಗೆ ನಗುವುದು ಅಂಥವರ ಅಭ್ಯಾಸ. ಆಮೇಲೆ ಸೌಂಡಿನವನ ಕಡೆ ತಿರುಗಿ, “ಏನಪ್ಪಾ, ಇಷ್ಟೇನಾ ಸೌಂಡು? ಹಾಡು ಹಾಕು. ಜನ ಬರ್ಬೇಕು, ಸುತ್ತಮುತ್ತ ಊರಿಗೆಲ್ಲ ಗೊತ್ತಾಗ್ಬೇಕು” ಎಂದ. ಸೌಂಡಿನವನು ನನ್ನ ಮುಖ ನೋಡಿದ, ಮ್ಯಾನೇಜರನ ಅಂಗಿ ನೋಡಿದ. ಯಾವುದು ಹೆಚ್ಚು ಬೆಳ್ಳಗಿತ್ತೋ ಅದರ ಮಾತು ಕೇಳಿದ.

ಕಳಚಿದ್ದ ವೈರುಗಳು ಮತ್ತೆ ಕೂಡಿಕೊಂಡವು. ಕುಣಿತದ ಹಾಡು ಶುರುವಾಯಿತು. ಟೇಪಿನ ಗೆರೆಯವರೆಗೆ ಸೌಂಡಿನವನು ತಂದ, ಅಲ್ಲಿಂದ ಮುಂದಕ್ಕೆ ಮ್ಯಾನೇಜರನೇ ಬೆರಳಿಟ್ಟು ತಳ್ಳಿದ. “ಇಷ್ಟು ಜಾಗ ಖಾಲಿ ಇದೆಯಲ್ಲ, ಯಾಕ್ ಬಿಟ್ಟಿದೀಯಾ?” ಎಂದು ಬೇರೆ ಕೇಳಿದ. ಆಂಪ್ಲಿಫೈಯರಿನ ಕೆಂಪು ದೀಪ ಮೊದಲು ಮಿಣುಕಿತು, ಆಮೇಲೆ ಮಿಣುಕುವುದನ್ನೂ ಬಿಟ್ಟು ಉರಿದೇ ನಿಂತಿತು.

“ನಿಲ್ಸಿ. ಸುಟ್ಟೋಗುತ್ತೆ” ಎಂದೆ.

“ಹೊಸದು ಹಾಕಿದೀರಂತಲ್ಲ? ಹೊಸದು ಯಾಕ್ ಸುಡುತ್ತೆ?” ಎಂದ ಮ್ಯಾನೇಜರ್.

ಹೊಸ ಕಾಯಿಲ್ ಹಳೆಯದಕ್ಕಿಂತ ಧೈರ್ಯಶಾಲಿಯಲ್ಲ ಎಂದು ಅವನಿಗೆ ಯಾರು ಹೇಳಬೇಕು? ಹಾಡಿನ ಅಲೆ ಏರಿ ಇಳಿಯುತ್ತಾ ಇದ್ದರೆ ಕಾಯಿಲ್‌ಗೆ ಇಳಿತದಲ್ಲಿ ಒಂದಿಷ್ಟು ಬಿಡುವು ಸಿಗುತ್ತದೆ, ತಣ್ಣಗಾಗುತ್ತದೆ. ಆಂಪ್ಲಿಫೈಯರ್ ಶಕ್ತಿ ಮೀರಿದಾಗ ಅಲೆಯ ತಲೆ ಕತ್ತರಿಸಿ ಮಟ್ಟಸವಾಗುತ್ತದೆ. ಬಿಡುವು ಹೋಗುತ್ತದೆ, ಕಾವು ಉಳಿಯುತ್ತದೆ. ಕತ್ತರಿಸಿದ ಅಂಚಿನಿಂದ ಹಾಡಿನಲ್ಲಿ ಇಲ್ಲದ ಕೀರಲು ಹುಟ್ಟುತ್ತದೆ. ಅದೆಲ್ಲ ನೇರ ಹೋಗುವುದು ಹಾರ್ನಿಗೆ, ಅಂದರೆ ಎಲ್ಲಕ್ಕಿಂತ ಸಣ್ಣ ಕಾಯಿಲ್‌ಗೆ. ಕಾಪಾಡಲು ಇದ್ದ ಬಲ್ಬನ್ನು ಮರ್ಯಾದೆಯ ಹೆಸರಿನಲ್ಲಿ ಕಿತ್ತೆಸೆದಾಗಿದೆ. ಇನ್ನೇನು ಉಳಿಯುತ್ತದೆ?

ಎಡಗಡೆಯ ಬಾಕ್ಸ್‌ಗಳ ಹತ್ತಿರ ಹೋಗಿ ನಿಂತೆ. ಮೊದಲು ವಾಸನೆ ಬಂತು, ವಾರ್ನಿಷ್ ಸೀದ ವಾಸನೆ. ಹಾಡಿನ ತಾಳದ ‘ಛಿಸ್ ಛಿಸ್’ ಒಂದು ಬಾಕ್ಸ್‌ನಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಅದರ ಮೇಲಿನದರಲ್ಲಿ. ಬಲಗಡೆಗೆ ಓಡಿದೆ, ಅಲ್ಲಿ ಆಗಲೇ ಎರಡು ಸತ್ತಿದ್ದವು. ಹಾಡು ಮುಗಿಯುವಷ್ಟರಲ್ಲಿ ಆರಕ್ಕೆ ಆರೂ ಹಾರ್ನ್ ಹೋಗಿದ್ದವು. ಉಳಿದದ್ದು ಕೆಳಗಿನ ಬೇಸ್ ಬಾಕ್ಸ್‌ಗಳ ಗುಡುಗುಡು ಮಾತ್ರ. ಹಾಡುವವನು ಏನು ಹಾಡುತ್ತಿದ್ದಾನೆ ಎಂದು ತಿಳಿಯದಂತೆ, ಕಂಬಳಿ ಹೊದ್ದು ಬಾವಿಯೊಳಗಿಂದ ಕೂಗಿದಂತೆ ಕೇಳುತ್ತಿತ್ತು.

ಮ್ಯಾನೇಜರ್ ಕಣ್ಣು ಮುಚ್ಚಿ ತಲೆಯಾಡಿಸಿದ. “ನೋಡಿ, ಈಗ ಬೇಸ್ ಚೆನ್ನಾಗಿ ಬರ್ತಿದೆ” ಎಂದ.

ಸೌಂಡಿನವನ ಮೂಗು ಅರಳಿತು. ಅವನಿಗೂ ವಾಸನೆ ಬಂದಿತ್ತು. ಅವನು ಮಾಡಿದ ಕೆಲಸ ಒಂದೇ. ಟ್ರೆಬಲ್ ಗುಂಡಿಯನ್ನು ಪೂರ್ತಿ ತಿರುಗಿಸಿದ. ಸತ್ತವನ ಬಾಯಿಗೆ ಕಾಫಿ ಬಿಟ್ಟ ಹಾಗೆ.

ಅಧಿಕಾರಿ ಬಂದರು, ಜೊತೆಗೆ ಬರೆದುಕೊಳ್ಳುವವರು, ವಿಡಿಯೋದವರು. ವಿಡಿಯೋದವನು ಕ್ಯಾಮೆರಾವನ್ನು ವೇದಿಕೆಯ ಮೇಲೆ, ಬೇಸ್ ಬಾಕ್ಸ್‌ನ ಪಕ್ಕದಲ್ಲೇ ಊರಿದ. ಅಧಿಕಾರಿ ಕೂತಿದ್ದು ಬಾಕ್ಸ್‌ಗಳ ಹಿಂದೆ. ಅಲ್ಲಿಗೆ ಬರುವುದು ಬರೀ ಗುಂಯ್. ಊರಿನವರು ಮಾತಾಡಲು ಮೈಕ್ ಇಟ್ಟಿದ್ದದ್ದು ಶಾಮಿಯಾನದ ಆ ತುದಿಯಲ್ಲಿ, ಜನರೇಟರಿನ ಪಕ್ಕ. ಯಾರಾದರೂ ಯೋಚಿಸಿಯೇ ಇಟ್ಟಿದ್ದರೋ, ಯೋಚಿಸುವ ಅಭ್ಯಾಸವೇ ಇಲ್ಲದೆ ಇಟ್ಟಿದ್ದರೋ ನನಗೆ ತಿಳಿಯದು. ಎರಡರ ಫಲವೂ ಒಂದೇ.

ಮ್ಯಾನೇಜರ್ ಮೊದಲು ಮಾತಾಡಿದ. ಮೈಕನ್ನು ಜೋಳದ ತೆನೆಯ ಹಾಗೆ ಬಾಯಿಗೆ ಒತ್ತಿಕೊಂಡು ಮಾತಾಡಿದ. ಜನರಿಗೆ ಕೇಳಿಸಿದ್ದು ‘ಅಭಿವೃದ್ಧಿ’ಯಲ್ಲಿನ ‘ಅ’, ‘ಉದ್ಯೋಗ’ದಲ್ಲಿನ ‘ಉ’. ಮಿಕ್ಕದ್ದು ಗುಡುಗು. ಆದರೆ ಅವನು ಹೇಳುವುದೆಲ್ಲ ಅಧಿಕಾರಿಯ ಮುಂದಿನ ಅಚ್ಚಾದ ಹಾಳೆಯಲ್ಲಿತ್ತು. ಅವರು ಹಾಳೆ ಓದುತ್ತಾ ತಲೆಯಾಡಿಸಿದರು. ಊರಿನವರ ಮಾತಿಗೆ ಹಾಳೆ ಇರಲಿಲ್ಲ. ಗಾಳಿಯಲ್ಲಿ ಹೋಗಿ ತಲುಪಬೇಕಾದದ್ದು ಅವರ ಮಾತು ಮಾತ್ರ.

ಮೊದಲು ಕರೆದದ್ದು ಒಬ್ಬ ಅಜ್ಜಿಯನ್ನು. ಡೈರಿಗೆ ಹಾಲು ಹಾಕುವವಳು, ಕ್ವಾರಿಯ ಪಕ್ಕದಲ್ಲೇ ಹೊಲ ಇರುವವಳು ಎಂದು ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸರು ಹೇಳಿದರು. ಮೆಲುದನಿಯವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈಕಿನ ಮುಂದೆ ನಿಂತು, “ಸ್ವಾಮಿ, ಧೂಳು. ನಮ್ದು ಬರೀ ಧೂಳಿಂದೇ ಪಾಡು” ಎಂದಳು. ನಾನು ಅವಳ ಹತ್ತಿರ ಇದ್ದುದರಿಂದ ನನಗೆ ಕೇಳಿಸಿತು. ಬಾಕ್ಸ್‌ಗಳಿಂದ ಹೊರಬಂದದ್ದು ‘ಊ... ಊ... ಆ...’ ಅಷ್ಟೆ. ಮಾತಿನ ಹಲ್ಲು ಇರುವುದು ವ್ಯಂಜನಗಳಲ್ಲಿ. ಆ ವ್ಯಂಜನಗಳನ್ನು ದಾಟಿಸುವುದು ಹಾರ್ನ್. ಹಾರ್ನ್ ಸುಟ್ಟರೆ ಮಾತು ಬೊಚ್ಚುಬಾಯಿಯದಾಗುತ್ತದೆ.

ಅಧಿಕಾರಿ ಕಿವಿಗೆ ಕೈ ಇಟ್ಟರು. “ಏನಂತೆ?”

ಮ್ಯಾನೇಜರ್ ಅವರ ಕಡೆ ಬಾಗಿ, ನಯವಾಗಿ, ಮುಂದಿನ ಸಾಲಿಗೆಲ್ಲ ಕೇಳುವ ಹಾಗೆ ಹೇಳಿದ: “ರೋಡು, ಸರ್. ರೋಡು ಬೇಕಂತೆ. ಮಾಡಿಕೊಡ್ತೀವಿ ಸರ್, ನಮ್ಮ ಪ್ಲಾನಲ್ಲೇ ಇದೆ.”

ಬರೆದುಕೊಳ್ಳುವವರು ತಲೆ ತಗ್ಗಿಸಿದರು. ಮುಂದಿನ ಸಾಲಿನಿಂದ ಒಬ್ಬ ಎದ್ದು “ರೋಡಲ್ಲ ಸಾರ್!” ಎಂದು ಕೂಗಿದ. ಅವನನ್ನು ನಾಲ್ಕು ಜನ ಕೂರಿಸಿದರು. ಅಜ್ಜಿಗೆ ಏನಾಯಿತೆಂದು ಗೊತ್ತಾಗಲಿಲ್ಲ. ತನ್ನದೇ ತಪ್ಪು ಇರಬೇಕೆಂದು ಮೈಕಿಗೆ ಇನ್ನೂ ಹತ್ತಿರ ಹೋಗಿ, ಇನ್ನೂ ಜೋರಾಗಿ ಹೇಳಿದಳು. ಇನ್ನೂ ದೊಡ್ಡ ಗುಂಯ್ ಬಂತು. ಸೌಂಡಿನವನು ವಾಲ್ಯೂಮ್ ಏರಿಸಿದ.

ನಾನು ಎದ್ದು ಹೋಗಿ ಆಂಪ್ಲಿಫೈಯರುಗಳ ಮುಖ್ಯ ಸ್ವಿಚ್ ಆರಿಸಿದೆ.

ಅಂಥ ನಿಶ್ಶಬ್ದ ಆ ಮೈದಾನಕ್ಕೆ ಬೆಳಿಗ್ಗೆಯಿಂದ ಸಿಕ್ಕಿರಲಿಲ್ಲ. ಜನರೇಟರಿನ ಧಡಧಡ ಕೂಡ ಸಣ್ಣದಾಗಿ ಕೇಳಿಸಿತು. ಮ್ಯಾನೇಜರ್ ವೇದಿಕೆಯಿಂದ ಇಳಿದು ಬಂದ. ಬಿಳಿ ಅಂಗಿಯ ಬೆನ್ನು ಬೆವರಿತ್ತು.

“ಏನ್ರೀ ಮಾಡ್ತಿದೀರಾ? ಆಫೀಸರ್ ಕೂತಿದಾರೆ.”

“ಅವ್ರು ಕೂತಿರೋದು ಕೇಳೋಕೆ. ಇದ್ರಲ್ಲಿ ಏನೂ ಕೇಳಿಸ್ತಿಲ್ಲ. ಆರೂ ಹಾರ್ನ್ ಸುಟ್ಟಿದೀರಿ.”

“ಸೌಂಡ್ ಬರ್ತಾ ಇತ್ತಲ್ಲ!”

“ಕ್ವಾರಿ ಬ್ಲಾಸ್ಟಲ್ಲೂ ಸೌಂಡ್ ಬರುತ್ತೆ.”

ಅದು ವೇದಿಕೆಯವರೆಗೆ ಕೇಳಿಸಿತು. ಮೈಕಿಲ್ಲದೆಯೇ ಕೇಳಿಸಿತು. ಅಧಿಕಾರಿ ಎದ್ದು ನಿಂತು, “ಯಾರಮ್ಮ ನೀವು?” ಎಂದರು. ಸ್ಪೀಕರ್ ರಿಪೇರಿಯವಳು ಎಂದೆ. ಬೆಳಿಗ್ಗೆ ಸರಿಯಿತ್ತು, ಹಾಡು ಹಾಕಿ ಸುಟ್ಟರು, ಎರಡು ಡಯಾಫ್ರಾಮ್ ನನ್ನ ಚೀಲದಲ್ಲಿವೆ, ಎರಡು ಬಾಕ್ಸ್ ಎಬ್ಬಿಸಿ ಕೊಡುತ್ತೇನೆ, ಅಷ್ಟು ಹೊತ್ತು ಕಾಯಬೇಕು ಎಂದೆ. ಅವರು ಗಡಿಯಾರ ನೋಡಿಕೊಂಡರು. ಬೇರೆ ಕಡೆಯೂ ಸಭೆ ಇದೆ ಎಂದರು. ಅವರ ಮುಖದಲ್ಲಿ ದುಷ್ಟತನವೇನೂ ಇರಲಿಲ್ಲ. ಊಟದ ಹೊತ್ತಿಗೆ ಇನ್ನೊಂದು ಕಡೆ ಇರಬೇಕಾದವರ ಅವಸರ ಇತ್ತು. ಎಷ್ಟೋ ಊರುಗಳ ಹಣೆಬರಹ ಇಂಥ ಅವಸರದಲ್ಲೇ ಬರೆದುಹೋಗುತ್ತದೆ.

ಮ್ಯಾನೇಜರ್ ಆ ಅವಸರವನ್ನು ಹಿಡಿದುಕೊಂಡ. “ಸರ್, ಹೀಗೇ ಮುಂದುವರಿಸೋಣ, ನಾನೇ ಹೇಳ್ತೀನಿ ಏನಂದ್ರು ಅಂತ” ಎಂದ.

ಆಗ ಅಜ್ಜಿ ಆ ತುದಿಯಿಂದ ನಡೆದುಕೊಂಡು ಬಂದು ವೇದಿಕೆಯ ಮುಂದೆ ಕುರ್ಚಿ ಎಳೆದು ಕೂತಳು. “ನಾವು ಕಾಯ್ತೀವಿ ಸ್ವಾಮಿ. ಹಸ ಕರಿಯಾಕೆ ಇನ್ನೂ ಹೊತ್ತೈತೆ. ನೀವೂ ಕುಂತ್ಕಳಿ” ಎಂದಳು. ಮನೆಗೆ ಬಂದವರಿಗೆ ಹೇಳುವ ಹಾಗೆ ಹೇಳಿದಳು. ಅಧಿಕಾರಿ ಒಂದು ಕ್ಷಣ ನಿಂತರು, ಆಮೇಲೆ ಕೂತರು.

ನಾನು ಎರಡು ಬಾಕ್ಸ್ ಇಳಿಸಿಕೊಂಡೆ. ಹಾರ್ನಿನ ಹಿಂಬದಿಯ ಮ್ಯಾಗ್ನೆಟ್ ಮುಚ್ಚಳ ಬಿಚ್ಚಿದರೆ ಒಳಗೆ ಮಸಿ. ಈ ಕೆಲಸದಲ್ಲಿ ಅವಸರ ಮಾಡುವ ಹಾಗಿಲ್ಲ. ಕಾಯಿಲ್ ಕೂರುವ ಸಂದು ಉಗುರಿಗಿಂತ ತೆಳು. ಸುಟ್ಟ ವಾರ್ನಿಷಿನ ಒಂದು ಚೂರು ಅಲ್ಲಿ ಉಳಿದರೂ ಹೊಸ ಕಾಯಿಲ್ ಅದಕ್ಕೆ ಉಜ್ಜಿ ಕರಕರ ಅನ್ನುತ್ತದೆ, ಸಂಜೆಯೊಳಗೆ ಸಾಯುತ್ತದೆ. ಅಂಟು ಟೇಪನ್ನು ಮಡಿಚಿ ಸಂದಿನೊಳಗೆ ಓಡಿಸಿ, ತೆಗೆದು, ಕಪ್ಪು ಅಂಟಿಲ್ಲ ಅನ್ನುವವರೆಗೆ ಮತ್ತೆ ಮತ್ತೆ ಓಡಿಸಿದೆ. ಡಯಾಫ್ರಾಮ್ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಮೀಟರ್ ಹಿಡಿದು ನೋಡಿದೆ, ಮುಳ್ಳು ಬರಬೇಕಾದಲ್ಲಿಗೆ ಬಂತು. ಮ್ಯಾನೇಜರ್ ಎರಡು ಸಲ ಬಂದು “ಆಯ್ತಾ?” ಎಂದು ಕೇಳಿದ. ಎರಡನೆಯ ಸಲ, ಬೆಳಕಿಗೆ ಅಡ್ಡ ಬರಬೇಡಿ ಎಂದೆ.

ಇನ್ನು ಬಲ್ಬ್. “ನಿನ್ ಗಾಡಿ ಇಂಡಿಕೇಟರ್ ಬಲ್ಬ್ ಬಿಚ್ಕೊಂಡ್ ಬಾ, ಎರಡು” ಎಂದೆ ಸೌಂಡಿನವನಿಗೆ. ಬಾಕ್ಸ್‌ನಲ್ಲಿ ಇರಬೇಕಾದದ್ದು ಹೆಚ್ಚುಕಡಿಮೆ ಅದೇ ಜಾತಿಯ ಬಲ್ಬ್.

“ಅಕ್ಕ, ಇಂಡಿಕೇಟರ್ ಇಲ್ದೆ ಗಾಡಿ ಹೆಂಗ್ ಓಡಿಸ್ಲಿ?”

“ಕೈ ತೋರ್ಸು. ನಿನ್ ಕೈಗೆ ಒಂದಾದ್ರೂ ಒಳ್ಳೇ ಕೆಲಸ ಸಿಗ್ಲಿ.”

ತಂತಿ ಕಿತ್ತು ಬಲ್ಬ್ ಬೆಸೆದೆ. ಬೇಸ್ ಬಾಕ್ಸ್‌ಗಳನ್ನು ಪೂರ್ತಿ ಕಳಚಿದೆ. ಮನುಷ್ಯರ ಮಾತಿಗೆ ಅವು ಬೇಕಿಲ್ಲ. ಮೈಕನ್ನು ಜನರೇಟರಿನ ಬಳಿಯಿಂದ ಕಿತ್ತು ಮುಂದಿನ ಸಾಲಿಗೆ ತಂದೆ. ಒಂದು ಬಾಕ್ಸನ್ನು ಅಧಿಕಾರಿಯ ಮತ್ತು ಕ್ಯಾಮೆರಾದ ಕಡೆ ಮುಖ ಮಾಡಿ ಕುರ್ಚಿಯ ಮೇಲಿಟ್ಟೆ, ಇನ್ನೊಂದನ್ನು ಜನರ ನಡುವೆ. ಎರಡಕ್ಕೂ ಮೈಕಿನ ಬೆನ್ನು ಇರುವ ಹಾಗೆ ನೋಡಿಕೊಂಡೆ, ಇಲ್ಲದಿದ್ದರೆ ಕೂಂಯ್ ಎನ್ನುತ್ತದೆ. ಹತ್ತಿರ ಇಟ್ಟರೆ ಜೋರು ಬೇಡ. ಜೋರು ಇಲ್ಲದಿದ್ದರೆ ಕಾವು ಇಲ್ಲ. ಇಡೀ ವಿದ್ಯೆ ಇಷ್ಟೇ. ಇದನ್ನು ತಿಳಿಯಲು ಬೀರುವಿನಷ್ಟು ಪೆಟ್ಟಿಗೆಗಳ ಸಾಲು ಬೇಕಾಗಿಲ್ಲ.

ಆದರೆ ಇವೆರಡೂ ಹೋದರೆ ಚೀಲದಲ್ಲಿ ಇನ್ನೊಂದಿಲ್ಲ. ಅಷ್ಟು ಜನರ ಮುಂದೆ ಸ್ವಿಚ್ ಆರಿಸಿದವಳು ನಾನು, ಆಮೇಲೆ ಅಧಿಕಾರಿ ಎದ್ದು ಹೋದರೆ ಹೊಣೆಯೂ ನನ್ನದೇ. ಹಾಗಾಗಿ ಮಿಕ್ಸರನ್ನು ಸೌಂಡಿನವನಿಗೆ ಬಿಡಲಿಲ್ಲ. ಅವನನ್ನು ಗ್ರೈಂಡರ್ ನಿಲ್ಲಿಸಲು ಕಳಿಸಿ ನಾನೇ ಕೂತೆ. ಹಿಡಿಯನ್ನು ಹಸಿರು ದೀಪದಲ್ಲಿ ನಿಲ್ಲಿಸಿದೆ.

“ಇದೇನ್ರೀ, ಪಕ್ಕದೂರಿಗೆ ಕೇಳಿಸೋದು ಬೇಡ್ವಾ?” ಎಂದು ಮ್ಯಾನೇಜರ್ ಕೈ ಚಾಚಿದ.

ನಾನು ಹಿಡಿಯ ಮೇಲೆ ಅಂಗೈ ಇಟ್ಟೆ. “ಪಕ್ಕದೂರಿಗೆ ನಿಮ್ ಹಾಡು ಕೇಳಿಸಿದೆ. ಸಾಕು.”

“ಬಾಡಿಗೆ ಕೊಡೋದು ನಾವು.”

“ಬಾಕ್ಸ್‌ಗೆ ಕೊಡಿ. ನನ್ ಕೈಗೆ ಕೊಟ್ಟಿಲ್ಲ.”

ಅವನು ಅಧಿಕಾರಿಯ ಕಡೆ ನೋಡಿದ. ಅವರು ಅಜ್ಜಿಯ ಕಡೆ ನೋಡುತ್ತಿದ್ದರು.

ಅಜ್ಜಿ ಮೈಕಿನ ಮುಂದೆ ಬಂದಳು. ಹಿಂದಿನ ಅನುಭವದಿಂದ ಹೆದರಿ ಕೂಗಲು ಬಾಯಿ ತೆರೆದಳು. “ಕೂಗ್ಬೇಡ ಅಜ್ಜಿ, ಹಟ್ಟಿಲಿ ಮಾತಾಡಿದ್ ಹಂಗೆ ಮಾತಾಡು” ಎಂದೆ.

“ಸ್ವಾಮಿ, ಧೂಳು” ಎಂದಳು.

‘ಧ’ ಕೇಳಿಸಿತು, ‘ಳ’ ಕೇಳಿಸಿತು. ಹಿಂದಿನ ಸಾಲಿನವರು ತಟ್ಟನೆ ತಲೆ ಎತ್ತಿದರು. ಅಜ್ಜಿಯೂ ಬೆಚ್ಚಿದಳು. ಒಮ್ಮೆ ಬಾಕ್ಸ್ ಕಡೆ ನೋಡಿ, ಆಮೇಲೆ ನಿಧಾನವಾಗಿ ಹೇಳಿದಳು.

“ನಾನು ಹುಲ್ಲು ತೊಳ್ದು ಹಸೂಗಾಕ್ತೀನಿ. ಯಾರಾನ ಹುಲ್ಲು ತೊಳೀತಾರಾ ಸ್ವಾಮಿ? ಕುಯ್ಕಂಡ್ ಬಂದು, ತೊಟ್ಟೀಲಿ ಅದ್ದಿ, ಜಾಡ್ಸಿ, ಆಮ್ಯಾಕೆ ಹಾಕ್ಬೇಕು. ತೊಳೀದಿದ್ರೆ ಮೂಸಿ ನೋಡಿ ಮಕ ತಿರುಗಿಸ್ಬಿಡ್ತವೆ. ತೊಟ್ಟಿ ತಳದಾಗೆ ಸಿಮೆಂಟಿನಂಗೆ ಗಟ್ಟಿ ಕೂರ್ತದೆ. ಅದ ಬಳ್ದು ಹಾಕೋದೇ ಒಂದ್ ಕೆಲ್ಸ. ಈಗ ಇನ್ನೊಂದ್ ಮಿಷನ್ನು ಬತ್ತದಂತೆ. ಅದು ಬಂದ್ರೆ ಹಸೂನೂ ತೊಳೀಬೇಕು, ನನ್ನೂ ತೊಳೀಬೇಕು. ಬ್ಯಾಡ ಸ್ವಾಮಿ.”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಬರೆದುಕೊಳ್ಳುವವರ ಪೆನ್ನು ಓಡುವುದು ಕಾಣುತ್ತಿತ್ತು. ಅವಳ ಹಿಂದೆ ಸಾಲು ನಿಂತಿತು. ಗೋಡೆ ಬಿರುಕು ಬಿಟ್ಟವರು ಬಂದರು, ಬೋರ್‌ವೆಲ್ ಕುಸಿದವರು ಬಂದರು, ಮಗುವಿಗೆ ದಮ್ಮು ಎಂದು ಮೂರೇ ಮಾತಾಡಿ ಮರಳಿದವಳು ಬಂದಳು. ಒಬ್ಬ ಕ್ರಷರ್ ಬೇಕು ಎಂದ, ತನ್ನ ಟಿಪ್ಪರ್ ಅಲ್ಲೇ ಓಡುತ್ತದೆ ಎಂದ. ಅವನದೂ ಅಷ್ಟೇ ಸ್ಪಷ್ಟವಾಗಿ ಕೇಳಿಸಿತು. ಒಳಗಿನ ಬಲ್ಬ್ ಒಂದೇ ಒಂದು ಸಲ ಮಿನುಗಿದ್ದು ಬಾಕ್ಸ್‌ನ ರಂಧ್ರದಲ್ಲಿ ಕಂಡಿತು, ಯಾರೋ ಮೈಕಿಗೆ ಕೆಮ್ಮಿದಾಗ. ಮಿನುಗಿ ಆರಿತು. ಕಾಯಿಲ್ ಉಳಿಯಿತು.

ಎಲ್ಲರದೂ ಮುಗಿದ ಮೇಲೆ ಅಧಿಕಾರಿ ಮ್ಯಾನೇಜರನನ್ನು ಮೈಕಿಗೆ ಕರೆದರು.

“ಆ ಅಜ್ಜಿ ರೋಡು ಕೇಳ್ತಿದಾರೆ ಅಂದ್ರಲ್ಲ ನೀವು?”

ಮ್ಯಾನೇಜರ್ ಮೈಕನ್ನು ಮತ್ತೆ ಬಾಯಿಗೆ ಒತ್ತಿದ. ಬೇಸ್ ಬಾಕ್ಸ್ ಇಲ್ಲದ್ದರಿಂದ ಗುಡುಗು ಬರಲಿಲ್ಲ, ಅವನದೇ ಸಣ್ಣ ದನಿ ಬಂತು. ಅದನ್ನು ಕೇಳಿ ಅವನಿಗೇ ಗಾಬರಿಯಾಯಿತು. “ಅದು... ಸೌಂಡ್ ಸರಿ ಇರ್ಲಿಲ್ಲ ಸರ್” ಎಂದ.

“ಈಗ ಸರಿ ಇದೆಯಲ್ಲ. ಧೂಳಿಗೆ ಏನ್ ಮಾಡ್ತೀರಾ, ಹೇಳಿ.”

ಅವನು ಹಾಳೆ ತಿರುವಿದ. ಹಾಳೆಯ ಸರಬರ ಸದ್ದು ಎರಡೂ ಬಾಕ್ಸ್‌ಗಳಲ್ಲಿ ಚೆನ್ನಾಗಿ ಕೇಳಿಸಿತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಮತ್ತೆ ಹಾಳೆ. ಅಷ್ಟು ಹೊತ್ತೂ ನಾನು ಹಿಡಿಯನ್ನು ಕೂದಲೆಳೆಯಷ್ಟೂ ಇಳಿಸಲಿಲ್ಲ.

ಅಜ್ಜಿಯ ಮಾತನ್ನು ಬರೆದುಕೊಂಡವರು ಕೊನೆಯಲ್ಲಿ ಎಲ್ಲರ ಮುಂದೆ ಓದಿ ಹೇಳಿದರು. ಹುಲ್ಲು ತೊಳೆಯುವುದೂ ಅದರಲ್ಲಿತ್ತು. ಕ್ವಾರಿಯನ್ನು ದೊಡ್ಡದು ಮಾಡುವ ವಿಚಾರ ಆಮೇಲೆ ತಡೆಬಿದ್ದಿದೆ ಎಂದು ಆ ಕಡೆಯಿಂದ ಬರುವ ಗಿರಾಕಿಗಳು ಹೇಳುತ್ತಾರೆ. ತಡೆ ಎಷ್ಟು ದಿನದ್ದೋ ನನಗೆ ಗೊತ್ತಿಲ್ಲ. ಹಳೆಯ ಕ್ರಷರ್ ಓಡುತ್ತಲೇ ಇದೆ. ಅಜ್ಜಿ ಹುಲ್ಲು ತೊಳೆಯುತ್ತಲೇ ಇರಬೇಕು.

ಬಾಕ್ಸ್‌ಗಳನ್ನು ಹೇರಿಕೊಂಡು ದೊಡ್ಡಬಳ್ಳಾಪುರದ ಕಡೆ ಹೊರಟಾಗ ಬಿಸಿಲು ಇನ್ನೂ ಇತ್ತು. ಸೌಂಡಿನವನು ತಿರುವಿನಲ್ಲೆಲ್ಲ ಕೈ ಹೊರಗೆ ಹಾಕುತ್ತಾ, ಹಾಡೂ ಹಾಕದೆ ಗಾಡಿ ಓಡಿಸಿದ. ಏನೋ ಅರಿವಾಗಿರಬೇಕು, ಪಾಪ, ಅಂದುಕೊಂಡೆ. ಕೊನೆಗೆ ಬಾಯಿ ಬಿಟ್ಟ.

“ಏನೇ ಅನ್ನಕ್ಕ, ಇವತ್ತು ಪಂಚ್ ಇರ್ಲಿಲ್ಲ.”

“ಆ ಅಜ್ಜಿ ಮಾತಲ್ಲಿ ಪಂಚ್ ಇರ್ಲಿಲ್ವಾ?”

ಅವನು ನಿಜವಾಗಿಯೂ ಯೋಚಿಸಿದ. ಗಾಡಿ ಸ್ವಲ್ಪ ನಿಧಾನವಾಯಿತು. ಆಮೇಲೆ, “ಅದು ಮಾತಲ್ವಾ ಅಕ್ಕ. ನಾನ್ ಹೇಳ್ತಿರೋದು ಸೌಂಡು” ಎಂದ.

ನಾನು ಮುಂದಿನ ಕ್ರಾಸ್‌ನಲ್ಲೇ ಇಳಿದು ಬಸ್ಸಿಗೆ ಕಾಯುತ್ತಾ ನಿಂತೆ.